ಬೀದಿನಾಯಿಯ ಕ್ಯಾನ್ಸರ್ ಮನುಷ್ಯರಿಗೂ ಅಂಟುತ್ತದೆಯೇ?

ನಾಯಿಯ ಜನನಾಂಗದ ಬಳಿ ಹೂಕೋಸಿನಂಥ ಕೆಂಪು ಗಡ್ಡೆ, ಅದರಿಂದ ತೊಟ್ಟಿಕ್ಕುವ ರಕ್ತ. ಇಂಥ ಫೋಟೊ ಜೊತೆ ‘ಇದು ಅಂಟುವ ಕ್ಯಾನ್ಸರ್, ಮಕ್ಕಳನ್ನು ದೂರವಿಡಿ’ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ಅರ್ಧ ನಿಜ.

ಕ್ಯಾನ್ಸರ್ ಸಾಮಾನ್ಯವಾಗಿ ಅಂಟುರೋಗವಲ್ಲ. ಆದರೆ ಪಶುವೈದ್ಯರು ‘ಟಿವಿಟಿ’ ಎಂದು ಕರೆಯುವ ಈ ಗಡ್ಡೆ ಅಪರೂಪದ ಅಪವಾದ. ನಾಯಿಗಳು ಕೂಡುವಾಗ, ಕೆಲವೊಮ್ಮೆ ನೆಕ್ಕುವಾಗ, ಮೂಸುವಾಗ ಹರಡುತ್ತದೆ. ಹರಡುವುದು ವೈರಸ್ ಅಲ್ಲ, ಜೀವಂತ ಕ್ಯಾನ್ಸರ್ ಕೋಶಗಳೇ ಇನ್ನೊಂದು ನಾಯಿಗೆ ದಾಟಿ ಅಲ್ಲಿ ಬೆಳೆಯುತ್ತವೆ. ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ 1876ರಲ್ಲೇ ಗಡ್ಡೆಯ ಚೂರನ್ನು ಬೇರೆ ನಾಯಿಗೆ ಕಸಿ ಮಾಡಿ ತೋರಿಸಿದ್ದರು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವಂಶವಾಹಿ ಅಧ್ಯಯನದ ಪ್ರಕಾರ ಈ ಕ್ಯಾನ್ಸರ್ ಹುಟ್ಟಿದ್ದು 4,000ದಿಂದ 8,500 ವರ್ಷಗಳ ಹಿಂದೆ, ಏಷ್ಯಾದ ಒಂದೇ ಒಂದು ನಾಯಿಯಲ್ಲಿ. ಆ ನಾಯಿ ಸತ್ತು ಸಾವಿರಾರು ವರ್ಷವಾದರೂ ಅದರ ಕೋಶಗಳ ಸಂತತಿ ನಮ್ಮ ಬೀದಿಯಲ್ಲಿ ಇನ್ನೂ ಬದುಕಿದೆ!

ಮನುಷ್ಯರಿಗೆ ಅಂಟುತ್ತದೆಯೇ? ಇಲ್ಲ. ನಾಯಿಯ ಕೋಶಗಳನ್ನು ನಮ್ಮ ದೇಹ ಪರಕೀಯವೆಂದು ಗುರುತಿಸಿ ನಾಶ ಮಾಡುತ್ತದೆ. ಹಾಗೆಂದು ರಕ್ತ ಸೋರುವ ಗಾಯವನ್ನು ಬರಿಗೈಯಲ್ಲಿ ಮುಟ್ಟಬೇಡಿ. ನೋವಿನಲ್ಲಿರುವ ನಾಯಿ ಕಚ್ಚಬಹುದು, ರೇಬಿಸ್ ಭಯ ಮಾತ್ರ ನಿಜವಾದದ್ದೇ.

ಫಾರ್ವರ್ಡ್‌ಗಳು ಹೇಳದ ವಿಷಯವೊಂದಿದೆ: ಇದು ಸುಲಭವಾಗಿ ವಾಸಿಯಾಗುವ ಕ್ಯಾನ್ಸರ್‌ಗಳಲ್ಲಿ ಒಂದು. ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಟ್ಟರೆ, ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಹೆಚ್ಚಿನ ನಾಯಿಗಳ ಗಡ್ಡೆ ಕರಗಿಹೋಗುತ್ತದೆ. ಮಕ್ಕಳ ರಕ್ತ ಕ್ಯಾನ್ಸರ್‌ಗೂ ಇದೇ ಔಷಧ ಬಳಸುತ್ತಾರೆ. ಇದರ ಮೂಲ ನಮ್ಮ ಅಂಗಳದ ನಿತ್ಯಪುಷ್ಪ ಗಿಡ. ಇಷ್ಟು ಓದಿ ಯಾರೂ ಎಲೆ ಅರೆದು ನಾಯಿಗೆ ಕುಡಿಸಬಾರದು. ಗಿಡ ವಿಷಕಾರಿ, ಎಲೆಯಲ್ಲಿ ಔಷಧದ ಅಂಶವೂ ತೀರಾ ಅಲ್ಪ. ಶುದ್ಧೀಕರಿಸಿದ ಔಷಧ ಕೂಡ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುತ್ತದೆ. ಹಾಗಾಗಿ ಪಶುವೈದ್ಯರೇ ಕೊಡಬೇಕು.

ಎಲ್ಲ ಗಡ್ಡೆಯೂ ಟಿವಿಟಿ ಅಲ್ಲ. ಹೆಣ್ಣು ನಾಯಿಗಳಲ್ಲಿ ಸ್ತನದ ಗಡ್ಡೆಯೂ ಸಾಮಾನ್ಯ, ಚಿಕ್ಕ ವಯಸ್ಸಿನಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅದರ ಅಪಾಯ ಕಡಿಮೆ. ಸೂಜಿಯಿಂದ ತೆಗೆದ ಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ವೈದ್ಯರು ಯಾವ ಗಡ್ಡೆ ಎಂದು ಹೇಳಬಲ್ಲರು. ನಿಮ್ಮ ಬೀದಿಯಲ್ಲಿ ಇಂಥ ನಾಯಿ ಕಂಡರೆ ಫೋಟೊವನ್ನು ಗುಂಪಿಗೆ ಹಾಕುವ ಬದಲು ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ.