ಗೆಳತಿಯಿಲ್ಲದ ವಂಡರ್ ವುಮನ್

ಬಲಶಾಲಿ ಹೆಣ್ಣಿನ ಕಥೆ ಎಂದೊಡನೆ ಎಲ್ಲರ ಕಣ್ಣೂ ಅವಳ ತೋಳಿನ ಮೇಲೆ. ನನಗೋ, ಅವಳ ಪಕ್ಕದ ಮೇಜಿನಲ್ಲಿ ಕುಳಿತವರು ಯಾರು ಎಂಬ ಕುತೂಹಲ. ಅಮೆರಿಕದ 'ವಂಡರ್ ವುಮನ್' ಧಾರಾವಾಹಿಯ ವಿಷಯದಲ್ಲಿ ನನ್ನನ್ನು ಕಾಡಿದ್ದು ಅದೇ.

1941ರಲ್ಲಿ ಕಾಮಿಕ್ಸ್ ಪುಟಗಳಲ್ಲಿ ಹುಟ್ಟಿದ ಈ ನಾಯಕಿ 1975ರ ನವೆಂಬರಿನಲ್ಲಿ ಲಿಂಡಾ ಕಾರ್ಟರ್ ರೂಪದಲ್ಲಿ ಟಿ.ವಿ.ಗೆ ಬಂದಳು. ಮೊದಲ ಸರಣಿಯ ಕಾಲ ಎರಡನೇ ಮಹಾಯುದ್ಧ. ಗಂಡಸರೇ ಇಲ್ಲದ ದ್ವೀಪದ ರಾಜಕುಮಾರಿ, ವಾಷಿಂಗ್ಟನ್ನಿನ ಯುದ್ಧ ಇಲಾಖೆಯಲ್ಲಿ ಡಯಾನಾ ಪ್ರಿನ್ಸ್ ಎಂಬ ಹೆಸರಿಟ್ಟುಕೊಂಡು, ಕನ್ನಡಕ ಏರಿಸಿ, ಕಡತ ಹಿಡಿದು ಓಡಾಡುವ ನೌಕರಳು. ದೊಡ್ಡ ಹುದ್ದೆಯೇನಲ್ಲ. ಆದರೆ ಸುತ್ತ ಹೆಂಗಸರಿದ್ದರು! ಅದೇ ಕಚೇರಿಯಲ್ಲಿ ವಟವಟ ಮಾತಿನ ಎಟ್ಟಾ ಕ್ಯಾಂಡಿ. ಊರಿನಿಂದ ಹುಡುಕಿಕೊಂಡು ಬರುವ ತಂಗಿ ಡ್ರುಸಿಲ್ಲಾ. ಮುಂದೆ ಹೆಸರಾಂತ ತಾರೆಯಾದ ಡೆಬ್ರಾ ವಿಂಗರ್ ಆಗ ಆ ಪಾತ್ರದಲ್ಲಿ. ಶತ್ರುಗಳಲ್ಲೂ ಹೆಂಗಸರೇ. ವಂಡರ್ ವುಮನ್ನಳನ್ನು ಸೆರೆಹಿಡಿಯಲು ಬಂದ ನಾಜಿ ಹೆಣ್ಣು ಫೌಸ್ಟಾ, ತನ್ನ ಪಕ್ಷದ ಗಂಡಸರಿಗೆ ತಾನೆಷ್ಟು ಬೇಕಾದವಳು ಎಂಬುದನ್ನು ಅರಿತು ಕೊನೆಗೆ ಇವಳ ಕಡೆಗೇ ಬರುತ್ತಾಳೆ. ಹೊಡೆದಾಟಕ್ಕಿಂತ ಈ ಮನಃಪರಿವರ್ತನೆಯೇ ನನಗೆ ಹೆಚ್ಚು ಹಿಡಿಸಿತು.

1977ರಲ್ಲಿ ಧಾರಾವಾಹಿ ಎ.ಬಿ.ಸಿ. ವಾಹಿನಿಯಿಂದ ಸಿ.ಬಿ.ಎಸ್.ಗೆ ಹೋಯಿತು. ಹಳೆಯ ಕಾಲದ ಉಡುಪು, ಕಾರುಗಳಿಗೆಲ್ಲ ಖರ್ಚು ಹೆಚ್ಚು. ಹಾಗಾಗಿ ಕಥೆಯೇ ಎಪ್ಪತ್ತರ ದಶಕಕ್ಕೆ ಜಿಗಿಯಿತು. ಅಮೆಜಾನ್ ಹೆಣ್ಣಿಗೆ ಮುಪ್ಪಿಲ್ಲವಲ್ಲ, ಅವಳು ಹಾಗೆಯೇ ಇದ್ದಳು. ಡಯಾನಾಳಿಗೆ ಭಡ್ತಿಯೂ ಸಿಕ್ಕಿತು: ಸರ್ಕಾರಿ ಗೂಢಚಾರ ಸಂಸ್ಥೆಯಲ್ಲಿ ಏಜೆಂಟ್. ಒಳ್ಳೆಯ ಸೂಟು, ಸ್ವತಂತ್ರ ಕೆಲಸ. ಎಟ್ಟಾ ಮಾತ್ರ ಇಲ್ಲ. ತಂಗಿಯೂ ಇಲ್ಲ. ತಾಯಿ ರಾಣಿ ಹಿಪ್ಪೊಲಿಟಾ ಆರಂಭದಲ್ಲಿ ಮುಖ ತೋರಿಸಿ ಮರೆಯಾದಳು.

ಮೇಲಕ್ಕೆ ಹೋದ ಹೆಣ್ಣು ಒಂಟಿಯಾಗಲೇಬೇಕೆಂದು ಬರೆದವರಿಗೆ ಯಾರು ಹೇಳಿದರೋ! ಅದೂ ಯಾವಾಗ? ಹೊರಗೆ ಹೆಂಗಸರೆಲ್ಲ ಒಟ್ಟಾಗಿ ಬೀದಿಗಿಳಿದಿದ್ದ ದಶಕದಲ್ಲಿ. ಆ ಕಚೇರಿಯಲ್ಲಿ ಡಯಾನಾಳ ಗುಟ್ಟು ಬಲ್ಲದ್ದು ಐರಾಕ್ ಎಂಬ ಕಂಪ್ಯೂಟರ್. ಮನಸ್ಸು ಬಿಚ್ಚಿ ಮಾತನಾಡಲು ಒಂದು ಯಂತ್ರ! 1979ರಲ್ಲಿ ಧಾರಾವಾಹಿ ಮುಗಿಯುವವರೆಗೂ ಅವಳ ಪಕ್ಕಕ್ಕೆ ಇನ್ನೊಬ್ಬ ಎಟ್ಟಾ ಬರಲಿಲ್ಲ.

ತೆರೆಯ ಹಿಂದೆ ಮಾತ್ರ ಒಬ್ಬಳಿದ್ದಳು. ಕಾರ್ಟರ್ ಬದಲಿಗೆ ಜಿಗಿದು, ಬಿದ್ದು, ಮೈ ನೋಯಿಸಿಕೊಂಡವಳು ಜೀನಿ ಎಪ್ಪರ್ ಎಂಬ ಸಾಹಸ ಕಲಾವಿದೆ. ಕುದುರೆ, ಹೊಡೆದಾಟಗಳ ಮನೆತನದಲ್ಲೇ ಬೆಳೆದವಳು. 2004ರಲ್ಲಿ ಬಂದ 'ಡಬಲ್ ಡೇರ್' ಎಂಬ ಸಾಕ್ಷ್ಯಚಿತ್ರದಲ್ಲಿ ಅವಳನ್ನು ಕಾಣಬಹುದು. ಆ ಹೊತ್ತಿಗೆ ಅಜ್ಜಿಯ ವಯಸ್ಸು. ನ್ಯೂಜಿಲೆಂಡಿನಿಂದ ಬಂದ ಜೊಯಿ ಬೆಲ್ ಎಂಬ ಎಳೆಯ ಹುಡುಗಿಗೆ, ಅದೇ ಕಸುಬಿನವಳಿಗೆ, ಹಾಲಿವುಡ್ಡಿನ ದಾರಿ ತೋರಿಸುತ್ತಿರುತ್ತಾಳೆ.