ಅವಿಶ್ವಾಸ (ಕ್ರೈಸ್ತ ದೃಷ್ಟಿ)

ದೇವರ ಕರೆಯನ್ನೂ ಬೈಬಲಿನ ವಾಕ್ಯವನ್ನೂ ಮನುಷ್ಯ ಏಕೆ ಒಲ್ಲೆನೆನ್ನುತ್ತಾನೆ ಎಂಬುದಕ್ಕೆ ಕ್ರೈಸ್ತರು ಕಂಡುಕೊಂಡ ವಿವರಣೆ. ಪೌಲನ ಪ್ರಕಾರ (ರೋಮಾಪುರ 1) ಸೃಷ್ಟಿಯನ್ನು ನೋಡಿಯೇ ದೇವರ ಅರಿವು ಮೂಡುತ್ತದೆ. ಮನುಷ್ಯ ಆ ಸತ್ಯವನ್ನು ಅದುಮಿಡುತ್ತಾನೆ. ತನ್ನ ನಡತೆ ಬಯಲಾದೀತೆಂಬ ಭಯವೇ ಕಾರಣವೆನ್ನುತ್ತದೆ ಯೋಹಾನನ ಸುವಾರ್ತೆ (3:19-20). ಬಿತ್ತುವವನ ಸಾಮ್ಯ (ಮಾರ್ಕ 4) ಇವೆರಡಕ್ಕಿಂತ ಸೂಕ್ಷ್ಮ; ಅದರಲ್ಲಿ ಬೀಜವೆಂದರೆ ದೇವರ ವಾಕ್ಯ: ದಾರಿಗೆ ಬಿದ್ದ ಬೀಜ ಹಕ್ಕಿಯ ಪಾಲು, ಬಂಡೆಯ ಮೇಲಿನದು ಬಿಸಿಲಿಗೆ ಬಾಡುತ್ತದೆ, ಮುಳ್ಳಿನ ನಡುವಿನದನ್ನು ಸಂಸಾರದ ಚಿಂತೆ, ಹಣದಾಸೆ ಅಮುಕುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕೂರಿಗೆ ಹಿಡಿದು ಸಾಲು ಬಿತ್ತಿದವರಿಗೆ ದಾರಿಗೆ ಬೀಜ ಬೀಳುವುದೇ ವಿಚಿತ್ರವೆನಿಸಬಹುದು. ಸಾಮ್ಯದ ರೈತ ಬೀಜವನ್ನು ಕೈಯಿಂದ ಎರಚುವವನು.

ಈ ಸೀಮೆಗೆ ಹತ್ತಿರದ ಬೆಳಗಾವಿಯಲ್ಲಿ ಲಂಡನ್ ಮಿಷನ್ 1820ರಲ್ಲಿ ನೆಲೆಯೂರಿತು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂತು. ಕಾಲಜ್ಞಾನವನ್ನು (ಭವಿಷ್ಯವಾಣಿಯನ್ನು) ನಂಬಿದ್ದ ಗುಂಪೊಂದು ಒಟ್ಟಾಗಿ ಕ್ರಿಸ್ತನನ್ನು ಒಪ್ಪೀತೆಂದು ಬಾಸೆಲಿನವರು ಬಹಳ ಆಸೆಯಿಟ್ಟು ಗದಗದ ಹತ್ತಿರ ನೆಲೆ ಹಾಕಿದರು. ಆ ಆಸೆ ಕೈಗೂಡಲಿಲ್ಲ. ಇಂಥ ನಿರಾಕರಣೆಯನ್ನು ಬರೀ ಹೃದಯದ ಕಾಠಿನ್ಯವೆಂದು ಓದುವುದು ಅನ್ಯಾಯ. ಜಾತಿಯಿಂದ ಹೊರಬಿದ್ದರೆ ಮನೆ, ಹೊಲ ಎರಡೂ ಹೋಗುತ್ತಿದ್ದವು. ಮತ ಬದಲಿಸಿದವನ ಆಸ್ತಿಹಕ್ಕು ಕಾಯುವ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಕ್ಕೆಲ್ಲ ಅನ್ವಯವಾದದ್ದು 1850ರಲ್ಲಿ. ಮೇಲಾಗಿ ಇಷ್ಟಲಿಂಗ ಧರಿಸಿ ವಚನ ಹೇಳುತ್ತಿದ್ದವರು ಭಕ್ತಿಯಿಲ್ಲದವರಲ್ಲ.

ನಂಬಿಕೆ ಕೃಪೆಯ ವರವೋ, ಮನುಷ್ಯನ ಆಯ್ಕೆಯೋ ಎಂಬ ವಾದ ಅಗಸ್ಟೀನನ ಕಾಲದಿಂದಲೂ ಇದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇನ್ನೊಂದು ಕಾರಣವನ್ನು ನೇರವಾಗಿ ಒಪ್ಪಿಕೊಂಡಿತು: ವಿಶ್ವಾಸಿಗಳ ತಪ್ಪು ಬೋಧನೆ, ಕೆಟ್ಟ ಬಾಳು ದೇವರ ಮುಖವನ್ನು ಇತರರಿಗೆ ಮರೆಮಾಡುತ್ತವೆ.