ನಂಜು, ಮದ್ದು ಮತ್ತು ಗಣಿತ

ಕನ್ನಡದಲ್ಲಿ ‘ಮದ್ದು’ ಎಂಬ ಶಬ್ದಕ್ಕೆ ಔಷಧವೆಂಬ ಅರ್ಥವುಂಟು. ‘ಮದ್ದಿಕ್ಕಿದರು’ ಎಂಬಲ್ಲಿ ವಿಷವೆಂಬ ಅರ್ಥವೂ ಉಂಟು. ಕಾಯುವುದೂ ಕೊಲ್ಲುವುದೂ ಒಂದೇ ವಸ್ತುವಾಗಬಹುದೆಂಬ ಅರಿವು ನುಡಿಯಲ್ಲಿಯೇ ಅಡಗಿದೆ. ನಂಜನಗೂಡಿನ ನಂಜುಂಡೇಶ್ವರನು ಹಾಲಾಹಲವನ್ನು ಕಂಠದಲ್ಲಿ ತಡೆದನೆಂಬುದು ಪುರಾಣ. ಟಿಪ್ಪು ಸುಲ್ತಾನನು ಆತನನ್ನು ‘ಹಕೀಮ ನಂಜುಂಡ’ನೆಂದು ಕರೆದನೆಂಬುದು ಐತಿಹ್ಯ. ವಿಷವು ತಕ್ಕ ಎಡೆಯಲ್ಲಿ ನಿಂತರೆ ಬಾಧಿಸದು, ಎಡೆ ತಪ್ಪಿದರೆ ಕೊಲ್ಲುವುದು. ಏಡಿಗಂತಿಯ ಔಷಧಗಳ ಇತಿಹಾಸವೂ ಈ ಮಾತಿನ ಸುತ್ತಲೇ ನಡೆದಿದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಎಂಬ ವಿದ್ವಾಂಸನು, ರೋಗಾಣುವನ್ನು ಮಾತ್ರ ಹೊಡೆದು ರೋಗಿಯನ್ನು ಬಾಧಿಸದ ‘ಮಂತ್ರದ ಗುಂಡ’ನ್ನು ಕಲ್ಪಿಸಿದನು. ೧೯೧೦ರಲ್ಲಿ ಬಳಕೆಗೆ ಬಂದ, ಪಾಷಾಣದಿಂದಾದ ಸಾಲ್ವರ್ಸಾನ್ ಪರಂಗಿ ಹುಣ್ಣಿನ ಮದ್ದಾಯಿತು. ಆದರೆ ರೋಗಾಣು ಹೊರಗಿನಿಂದ ಬಂದುದು. ಗಂತಿಯ ಕಣವಾದರೋ ದೇಹದ್ದೇ. ೧೯೪೨ರಲ್ಲಿ ಅಮೆರಿಕದಲ್ಲಿ, ಯುದ್ಧದ ವಿಷಾನಿಲಕ್ಕೆ ಸಂಬಂಧಿಸಿದ ನೈಟ್ರೊಜನ್ ಮಸ್ಟರ್ಡನ್ನು ಪ್ರಯೋಗಿಸಿದಾಗ ಗಂತಿ ಕುಗ್ಗಿತು. ಆದರೆ ಅದು ಮಜ್ಜೆಯನ್ನೂ ಬಾಧಿಸಿತು.

ಮದ್ದು ಗಂತಿಯನ್ನು ಏಕೆ ಪೂರ್ಣವಾಗಿ ಮುಟ್ಟದು? ಈ ಪ್ರಶ್ನೆಗೆ ಉತ್ತರ ಕೊಟ್ಟುದು ಗಣಿತ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ೧೯೧೯ರಲ್ಲಿ, ಒಂದೊಂದು ಲೋಮನಾಳವೂ ತನ್ನ ಸುತ್ತಣ ಸ್ತಂಭಾಕಾರದ ಮಾಂಸವನ್ನು ಪೋಷಿಸುವುದೆಂದು ಭಾವಿಸಿ, ಆಮ್ಲಜನಕ ಮುಟ್ಟುವ ದೂರವನ್ನು ಗಣಿಸಿದನು. ೧೯೫೫ರಲ್ಲಿ ಥಾಮ್ಲಿನ್‌ಸನ್ ಮತ್ತು ಗ್ರೇ, ನಾಳದಿಂದ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ದೂರ ಹೋಗುವಷ್ಟರಲ್ಲಿಯೇ ಗಂತಿಯ ಕಣಗಳು ಸಾಯುವುದನ್ನು ಕಂಡರು. ಮದ್ದಿನ ಪ್ರಸರಣಕ್ಕೂ ಒಂದು ನಿಯಮವುಂಟು: ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು.

ಭಾರತ ಸಂಜಾತರಾದ ರಾಕೇಶ್ ಜೈನ್ ಅವರು ಬ್ಯಾಕ್ಸ್ಟರ್ ಅವರೊಡನೆ ೧೯೮೯ರಲ್ಲಿ ಪ್ರಕಟಿಸಿದ ಸಮೀಕರಣಗಳು ಇನ್ನೊಂದು ತಡೆಯನ್ನು ತೋರಿಸಿದುವು. ಬಿಳಿಗೆರೆಯ ಸೀಮೆಯ ರೈತನಿಗೆ ಅದು ಹೊಸತಲ್ಲ. ಬಸಿಗಾಲುವೆಯಿಲ್ಲದೆ ನೀರು ನಿಂತ ಗದ್ದೆಗೆ ಮತ್ತೆ ನೀರು ಬಿಟ್ಟರೆ ಒಳಕ್ಕೆ ಇಳಿಯದು, ಬದುವಿನಾಚೆಗೆ ಹರಿದುಹೋಗುವುದು. ಗಂತಿಯ ನಾಳಗಳು ಸೋರುವುವು. ಬಸಿಯುವ ದುಗ್ಧರಸ ನಾಳಗಳು ಅಲ್ಲಿ ಸರಿಯಾಗಿ ಕೆಲಸಮಾಡವು. ಆದಕಾರಣ ಒತ್ತಡವು ಗಂತಿಯೊಳಗೆಲ್ಲ ಸಮವಾಗಿ ಏರಿ, ಅಂಚಿನಲ್ಲಿ ಮಾತ್ರ ತಟ್ಟನೆ ಇಳಿಯುವುದು. ಹರಿವು ಅಂಚಿನಿಂದ ಹೊರಕ್ಕೇ ಹೊರತು ನಡುವಿಗಲ್ಲ.

ಈ ಅರಿವು ಚಿಕಿತ್ಸೆಯ ದಾರಿಯನ್ನು ತಿದ್ದಿತು. ಗಂತಿಯ ನಾಳಗಳನ್ನು ಕಡಿಯುವುದಕ್ಕಿಂತ ಮೊದಲು ಸರಿಪಡಿಸಿದರೆ ಮದ್ದು ಒಳಸೇರೀತೆಂದು ಜೈನ್ ೨೦೦೧ರಲ್ಲಿ ವಾದಿಸಿದರು. ಆದರೂ, ಹತ್ತು ವರ್ಷಗಳ ಪ್ರಯೋಗವರದಿಗಳನ್ನು ಕೂಡಿಸಿ ನೋಡಿ ೨೦೧೬ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಪ್ರಾಣಿಗಳಿಗೆ ಕೊಟ್ಟ ಸೂಕ್ಷ್ಮಕಣ ರೂಪದ ಮದ್ದಿನಲ್ಲಿ ಗಂತಿಯನ್ನು ಸೇರಿದ ಭಾಗದ ಮಧ್ಯಮ ಪ್ರಮಾಣ ನೂರಕ್ಕೆ ೦.೭ ಮಾತ್ರ. ಉಳಿದುದು ಬೇರೆ ಅಂಗಗಳ ಪಾಲು, ಇಲ್ಲವೆ ವಿಸರ್ಜನೆಯ ಪಾಲು.

‘ಗುಂಡು’ ಎಂಬ ರೂಪಕವು ನಮ್ಮನ್ನು ಬಹುಕಾಲ ದಾರಿ ತಪ್ಪಿಸಿತೆಂದು ಹೇಳಬೇಕಾಗುತ್ತದೆ. ಗುಂಡು ತಾನೇ ಗುರಿಯನ್ನು ಸೇರುವುದು. ಮದ್ದು ಹಾಗಲ್ಲ, ಅದು ನೀರಿನಂತೆ ಕಾಲುವೆಯನ್ನೂ ಇಳಿಜಾರನ್ನೂ ನೆಚ್ಚಿದುದು. ರೋಗಿಯ ಪಾಲಿಗೆ ಈ ಭೇದವು ಬರಿಯ ಮಾತಿನ ಭೇದವಲ್ಲ. ನಂಜನ್ನು ಕಂಡುಹಿಡಿದುದರಿಂದ ಕಾರ್ಯವು ಅರ್ಧವಾಯಿತು. ಅದನ್ನು ಅದರ ಎಡೆಯಲ್ಲಿ ನಿಲ್ಲಿಸುವುದೇ ಉಳಿದರ್ಧ.